ಗ್ಯಾಲರಿಯ ಹಗ್ಗ

ಮೊನ್ನೆ ನಮ್ಮ ಗ್ಯಾಲರಿಯ, ಅಂದರೆ ಬಾಲ್ಕನಿಯ, ಗ್ರಿಲ್ಲಿಗೆ ಬಣ್ಣ ಬಳಿಯಲು ಬಂದಿದ್ದ ಹುಡುಗ ಕೆಳಗಿನ ಅಡ್ಡಪಟ್ಟಿಯ ಮೇಲೆ ಬೆರಳಾಡಿಸಿ, ಇಲ್ಲಿ ಮಾತ್ರ ಬಣ್ಣ ಯಾಕೆ ಹೀಗೆ ಸವೆದಿದೆ ಎಂದು ಕೇಳಿದ. ಎರಡು ಬೆರಳಗಲದ ಜಾಗ ಅದು. ಹಸಿರು ಹೋಗಿ, ಅದರಡಿಯ ಕೆಂಪು ಪ್ರೈಮರ್ ಹೋಗಿ, ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು. ಹಗ್ಗ ಉಜ್ಜಿ ಆದದ್ದು ಎಂದೆ. ಅವನು ಪಾಲಿಶ್ ಪೇಪರ್ ತೆಗೆದುಕೊಂಡು ತಿಕ್ಕತೊಡಗಿದ. ನಾನು ಒಳಗೆ ಬಂದು ಅಡುಗೆಗೆ ನಿಂತೆ, ಮನಸ್ಸು ನಿಲ್ಲಲಿಲ್ಲ.

ಆ ಹಗ್ಗ ಕಟ್ಟಿದವಳು ನಾನು.

ನಾವಿರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಲಿಫ್ಟ್ ಇಲ್ಲ. ಮಾಳಿಗೆಗೆ ಹದಿನೆಂಟರಂತೆ 54 ಮೆಟ್ಟಿಲು. ಅಮ್ಮ ಹೋದ ಮೇಲೆ ಅಪ್ಪಯ್ಯ ನಮ್ಮ ಜೊತೆಗಿದ್ದಾರೆ. 2020ರಲ್ಲಿ ಅವರಿಗೆ 73. ಬೆಳಿಗ್ಗೆ ಐದೂವರೆಗೆ ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು, ‘ಹಾಲ್ ತಪ್ಪುಕ್ ಹೋಯ್ ಬತ್ತೆ’ (ಹಾಲು ತರಲು ಹೋಗಿ ಬರುತ್ತೇನೆ) ಎಂದು ಹೇಳಿ ಇಳಿದರೆ ಅವರು ಬರುತ್ತಿದ್ದುದು ಎಂಟಕ್ಕೆ. ಹಾಲಿನ ಅಂಗಡಿ ಇರುವುದು ಕಟ್ಟಡದ ಎದುರಿಗೇ. ಆದರೆ ಅವರು ಮೊದಲು ಫಡ್ಕೆ ರಸ್ತೆ ಹಿಡಿದು ಗಣೇಶ ಮಂದಿರದವರೆಗೆ ಹೋಗಿ, ಹೊರಗಿನಿಂದಲೇ ಕೈಮುಗಿದು, ಸ್ಟೇಷನ್ ಬದಿಯಲ್ಲಿ ಊರಿನವರು ಯಾರಾದರೂ ಸಿಕ್ಕರೆ ಅರ್ಧ ಚಾ ಕುಡಿದು, ಕೊತ್ತಂಬರಿ ಕಟ್ಟಿನ ಬೆಲೆ ನಾಲ್ಕು ಕಡೆ ವಿಚಾರಿಸಿ, ಕೊನೆಗೆ ಹಾಲಿನ ಅಂಗಡಿಗೆ ಬರುತ್ತಿದ್ದರು. ಎರಡು ಅರ್ಧ ಲೀಟರ್ ಪ್ಯಾಕೆಟ್. ಒಂದೊಂದನ್ನೂ ಬೆಳಕಿಗೆ ಹಿಡಿದು ತಾರೀಖು ಓದಿಯೇ ಚೀಲಕ್ಕೆ ಹಾಕುವುದು. ಹೋಟೆಲಿನ ಸ್ಟೋರಿನಲ್ಲಿ ಕಲಿತ ಅಭ್ಯಾಸ ಅದು. ಇದಕ್ಕೆ ಅವರು ಯಾವತ್ತೂ ವಾಕಿಂಗ್ ಎಂದವರಲ್ಲ. ವಾಕಿಂಗ್ ಎಂದರೆ ಬಿಳಿ ಬೂಟು ಹಾಕಿಕೊಂಡು ಕೈ ಬೀಸುತ್ತ ಹೋಗುವವರದ್ದು. ಅವರದ್ದು ಹಾಲು ತರುವ ಕೆಲಸ.

ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನೈದನೇ ವಯಸ್ಸಿಗೆ ಬೊಂಬಾಯಿಗೆ ಬಂದು, ಮಾಟುಂಗದ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಮಾಣಿಯಾಗಿ ಸೇರಿ, ಸಪ್ಲೈಗೆ ಏರಿ, ಕೊನೆಯ ಹತ್ತು ವರ್ಷ ಹಣದ ಗಲ್ಲೆಯಲ್ಲಿ ಕೂತವರು ಅಪ್ಪಯ್ಯ. ಗಲ್ಲೆಗೆ ಕೂತ ಮೇಲೇ ತನಗೆ ಹೊಟ್ಟೆ ಬಂದದ್ದು, ಬೀಪಿ ಶುರುವಾದದ್ದು ಎಂದು ಅವರೇ ಹೇಳುತ್ತಿದ್ದರು. ಅದು ಅವರ ಅನುಭವದ ಮಾತು. ಅದನ್ನೇ 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕಂಡು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ದಿನವಿಡೀ ಕೂತೇ ಇರುವ ಡ್ರೈವರುಗಳಿಗಿಂತ, ಮೇಲೆ ಕೆಳಗೆ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ. ಒಂದೇ ಬಸ್ಸು, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ಬಗೆಯ ಬದುಕು, ಬೇರೆಯದೆಂದರೆ ಮೆಟ್ಟಿಲು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮುಂಬಯಿಯ ‘ಬೆಸ್ಟ್’ ಸಿಟಿ ಬಸ್ಸುಗಳ ಕಂಡಕ್ಟರುಗಳು, ಆಮೇಲೆ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಅಡುಗೆಮನೆಗೂ ಮೇಜಿಗೂ ನಡುವೆ ಓಡಾಡುವ ಮಾಣಿಗಳು.

ನನ್ನದೂ ಅಂಥದೇ ಲೆಕ್ಕ. ನಾನು ಕೋಟೆ ಪ್ರದೇಶದ, ಅಂದರೆ ಫೋರ್ಟಿನ, ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಮನೆಯಿಂದ ಸ್ಟೇಷನ್ನಿಗೆ ಹದಿನೈದು ನಿಮಿಷದ ನಡಿಗೆ. ಬ್ರಿಜ್ ಹತ್ತಿ ಇಳಿದು ಫಾಸ್ಟ್ ಲೋಕಲಿಗೆ ಕಾಯುವುದು. ಲೇಡೀಸ್ ಡಬ್ಬದಲ್ಲಿ ಕೂರಲು ಜಾಗ ಸಿಕ್ಕದ ದಿನಗಳೇ ಹೆಚ್ಚು. ಥಾಣೆ ಸ್ಟೇಷನ್ ದಾಟುವವರೆಗೆ ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈ ಪರ್ಸಿಗೆ. ಗಾಡಿ ಬಾಗಿದ ಹಾಗೆಲ್ಲ ಮೈ ತಾನಾಗಿ ಬಿಗಿಯುತ್ತದೆ, ಕಾಲು ತಾನಾಗಿ ಹೊಂದಿಸಿಕೊಳ್ಳುತ್ತದೆ. ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿದು ಸಬ್‌ವೇ ಇಳಿದು ಹತ್ತಿ ಡಿ.ಎನ್. ರಸ್ತೆಯಲ್ಲಿ ಹನ್ನೆರಡು ನಿಮಿಷ. ಸಂಜೆ ಇಷ್ಟೂ ತಿರುಗಾಮುರುಗಾ. ಇದನ್ನು ನಾನು ಶಾಪ ಎಂದುಕೊಂಡಿದ್ದೆ. ವ್ಯಾಯಾಮಕ್ಕೆ ಸಮಯವೇ ಸಿಗುವುದಿಲ್ಲ ಎಂದು ಗೆಳತಿಯರ ಹತ್ತಿರ ಗೋಳಾಡುತ್ತಿದ್ದೆ.

2020ರ ಮಾರ್ಚ್ 22ರ ಭಾನುವಾರ, ಕೋವಿಡ್ ಕಾರಣಕ್ಕೆ ಜನತಾ ಕರ್ಫ್ಯೂ. ಅದೇ ರಾತ್ರಿಯಿಂದ ಲೋಕಲ್ ಬಂದ್. ದಿನಕ್ಕೆ 75 ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತೊಯ್ಯುವ ಗಾಡಿ ನಿಂತದ್ದು ನಮಗೆ ಮೊದಲು ತಿಳಿದದ್ದು ಕಿವಿಯಿಂದ. ಬೆಳಗಿನ ಜಾವದ ಹಾರ್ನ್ ಇಲ್ಲ. 24ರ ರಾತ್ರಿ ಎಂಟಕ್ಕೆ ಪ್ರಧಾನಿಯವರ ಭಾಷಣ, 25ರಿಂದ ದೇಶಕ್ಕೇ ಬೀಗ.

26ರ ಬೆಳಿಗ್ಗೆ ಅಪ್ಪಯ್ಯ ಎಂದಿನಂತೆ ಚಪ್ಪಲಿ ಮೆಟ್ಟಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಬೀಪಿ ಇದೆ, ವಯಸ್ಸಾಗಿದೆ, ಏನಾದರೂ ಆದರೆ ಆಸ್ಪತ್ರೆಯಲ್ಲಿ ಮಂಚ ಸಿಗುತ್ತದೆಯೇ ಎಂಬ ಭಯ. ಅವರು ವಾದ ಮಾಡಲಿಲ್ಲ. ನಾನು ಬಟ್ಟೆ ಒಣಗಿಸುವ ನೈಲಾನ್ ಹಗ್ಗದಲ್ಲಿ ಹನ್ನೆರಡು ಮೀಟರಿನಷ್ಟು ಕತ್ತರಿಸಿ, ಅದರ ತುದಿಗೆ ಬಟ್ಟೆಚೀಲ ಕಟ್ಟಿ, ಇನ್ನೊಂದು ತುದಿಯನ್ನು ಗ್ರಿಲ್ಲಿಗೆ ಬಿಗಿದೆ. ಹಾಲಿನ ಅಂಗಡಿಯ ಹುಡುಗ ಕೆಳಗೆ ನಿಂತು ಕೂಗಿದರೆ ಚೀಲ ಇಳಿಸುವುದು, ಹಾಲು ಮೇಲೆ ಬರುವುದು. ಆಮೇಲಾಮೇಲೆ ಅದರಲ್ಲೇ ತರಕಾರಿ, ಅದರಲ್ಲೇ ಬೀಪಿ ಮಾತ್ರೆ. ಎದುರು ಕಟ್ಟಡದಲ್ಲೂ ನಾಲ್ಕಾರು ಹಗ್ಗಗಳು ತೂಗುತ್ತಿದ್ದವು. ಒಳ್ಳೆಯ ಉಪಾಯ ಮಾಡಿದೆ ಎಂದು ನನಗೆ ಸಮಾಧಾನವಾಗಿತ್ತು. ಹಗ್ಗ ಎಳೆಯುವ ಕೆಲಸ ಅಪ್ಪಯ್ಯನದ್ದೇ ಆಯಿತು.

ನನ್ನ ಮೊಬೈಲು ಹೆಜ್ಜೆ ಎಣಿಸುತ್ತದೆ ಎಂಬುದು ನನಗೆ ಗೊತ್ತಾದದ್ದೇ ಆ ಏಪ್ರಿಲ್‌ನಲ್ಲಿ, ಮಗ ತೋರಿಸಿದಾಗ. ಫೆಬ್ರವರಿಯಲ್ಲಿ ದಿನಕ್ಕೆ ಎಂಟು ಒಂಬತ್ತು ಸಾವಿರ. ಏಪ್ರಿಲ್‌ನಲ್ಲಿ ಸಾವಿರವೂ ಇಲ್ಲದ ದಿನಗಳು. ಮನೆಯೊಳಗೆ ಮೊಬೈಲು ಮೇಜಿನ ಮೇಲಿರುತ್ತದೆ, ಆದ್ದರಿಂದ ಲೆಕ್ಕ ಪೂರ್ತಿ ಸರಿಯಲ್ಲ. ಆದರೂ ನೋಡಿ ಮೈ ಜುಮ್ಮೆಂದಿತು. ಜಗತ್ತಿನ ಲೆಕ್ಕವೂ ಅದೇ ವರ್ಷ ಬಂತು. ಒಂದು ಆ್ಯಪ್ ಬಳಸುವ 187 ದೇಶಗಳ 4,55,404 ಜನರ ಹೆಜ್ಜೆಗಳನ್ನು ಸಂಶೋಧಕರು ಎಣಿಸಿದ್ದರು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಘೋಷಿಸಿದ ಹತ್ತು ದಿನದಲ್ಲಿ ಹೆಜ್ಜೆಗಳು ಶೇ. 5.5ರಷ್ಟು ಇಳಿದವು, ಮೂವತ್ತು ದಿನದಲ್ಲಿ ಶೇ. 27.3ರಷ್ಟು. ಬಿಗಿಯಾಗಿ ಬೀಗ ಹಾಕಿದ ಇಟಲಿಯಲ್ಲಿ ಅತಿ ಹೆಚ್ಚೆಂದರೆ ಶೇ. 48.7, ಸಡಿಲ ಬಿಟ್ಟ ಸ್ವೀಡನ್ನಿನಲ್ಲಿ ಶೇ. 6.9. ಆದರೆ ಇದು ಮೊಬೈಲ್ ಇಟ್ಟುಕೊಂಡು ಹೆಜ್ಜೆ ಎಣಿಸುವವರ ಲೆಕ್ಕ. ಅಪ್ಪಯ್ಯನಂಥವರು ಇದರಲ್ಲಿ ಎಲ್ಲೂ ಇಲ್ಲ.

ಇನ್ನೂ ಕೆಲವರು ಇದರಲ್ಲಿಲ್ಲ. ನಾನು ಹಾಲ್‌ನಿಂದ ಅಡುಗೆಮನೆಗೆ ಸುತ್ತು ಹಾಕುತ್ತಿದ್ದ ಅದೇ ದಿನಗಳಲ್ಲಿ ನಾಸಿಕ್ ಹೆದ್ದಾರಿಯಲ್ಲಿ ಜನ ಗಂಟು ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ ನಡೆಯುತ್ತಿದ್ದರು. ಮೇ 8ರಂದು ಔರಂಗಾಬಾದ್ ಬಳಿ, ನಡೆದು ಸುಸ್ತಾಗಿ ಹಳಿಯ ಮೇಲೇ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ಗಾಡಿ ಹರಿಯಿತು. ಆ ಸುದ್ದಿ ಬಂದ ದಿನ ಅಪ್ಪಯ್ಯ ಟಿವಿ ಆರಿಸಿ ಗ್ಯಾಲರಿಗೆ ಹೋಗಿ ಕೂತರು. ಅವರ ಹೋಟೆಲಿನ ಹುಡುಗರ ಫೋನು ದಿನಾ ಬರುತ್ತಿತ್ತು. ಬೀಗ ಹಾಕಿದ ಹೋಟೆಲಿನ ಅಟ್ಟದಲ್ಲಿ ಎಂಟು ಹತ್ತು ಮಂದಿ, ಊರಿಗೆ ಹೋಗುವ ದಾರಿ ಕಾಣದೆ. ಮೇ ನಡುವಿನಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ತಿಂಗಳ ಕೊನೆಯವರೆಗೆ ಗಡಿ ಮುಚ್ಚಿತು. ಅದಕ್ಕೂ ಮೊದಲೇ ಊರು ತಲುಪಿದವರನ್ನು ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದ್ದರು. ‘ಬೊಂಬಾಯಿಯವರು’ ಎಂಬ ಮಾತು ಉಡುಪಿ ಕುಂದಾಪುರಗಳಲ್ಲಿ ಒಮ್ಮೆಲೇ ಹೆದರಿಕೆಯ ಮಾತಾಯಿತು. ಅರವತ್ತು ವರ್ಷದಿಂದ ಊರಿಗೆ ಹಣ ಕಳಿಸಿದ ಅಪ್ಪಯ್ಯನಿಗೆ ಅದು ಎಷ್ಟು ನೋವು ಕೊಟ್ಟಿತು ಎಂದು ನಾನು ಬರೆಯಲಾರೆ. ಅವರು ಇನ್ನಷ್ಟು ಕೂತರು, ಅಷ್ಟೇ ಹೇಳಬಲ್ಲೆ. ದುಃಖಕ್ಕೂ ಮೈಯನ್ನು ಕುರ್ಚಿಗೆ ಅಂಟಿಸುವ ಶಕ್ತಿ ಇದೆ.

ಮನೆಗೆಲಸದ ಹೆಂಗಸನ್ನು ಕಟ್ಟಡದೊಳಗೆ ಬಿಡುತ್ತಿರಲಿಲ್ಲ. ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ ಎಲ್ಲ ನನ್ನ ಪಾಲಿಗೆ, ಸ್ವಲ್ಪ ನನ್ನ ಯಜಮಾನರ ಪಾಲಿಗೆ. ಹಾಗಾಗಿ ನನ್ನ ಮೈ ಪೂರ್ತಿ ಜಡವಾಗಲಿಲ್ಲ. ಆದರೆ ಆಫೀಸಿನ ಕೆಲಸ ಊಟದ ಮೇಜಿಗೆ ಬಂದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ರಾತ್ರಿ ಎಂಟು. ಮೊದಲು ಬಿಲ್ಲಿಗೆ ಸಹಿ ಹಾಕಿಸಲು ಎರಡು ಮಾಳಿಗೆ ಹತ್ತಬೇಕಿತ್ತು, ಈಗ ಒಂದು ಮೇಲ್ ಸಾಕು. ಆ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ದಣಿವಿನ ಚಟುವಟಿಕೆ ಬೇಕು ಎಂಬುದರ ಜೊತೆಗೆ ಅದರಲ್ಲಿ ನನ್ನ ಗಮನ ಸೆಳೆದದ್ದು ಬೇರೆ ಒಂದು ಬದಲಾವಣೆ. 2010ರ ಮಾರ್ಗಸೂಚಿಯ ಪ್ರಕಾರ ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ. ಹೊಸದರಲ್ಲಿ ಆ ಷರತ್ತು ತೆಗೆದುಹಾಕಿದ್ದರು. ಎರಡು ನಿಮಿಷದ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ. ನನ್ನ ಬ್ರಿಜ್, ನನ್ನ ಸಬ್‌ವೇ, ಅಪ್ಪಯ್ಯನ 54 ಮೆಟ್ಟಿಲು, ಇವೆಲ್ಲ ಇಷ್ಟು ವರ್ಷ ನಮ್ಮನ್ನು ಸಾಕಿದ್ದವು. ಯಾರೂ ನಮಗೆ ಹಾಗೆ ಹೇಳಿರಲಿಲ್ಲ. ಹೇಳುವ ಹೊತ್ತಿಗೆ ನಾವು ಅವನ್ನು ಬಿಟ್ಟು ಎಂಟು ತಿಂಗಳಾಗಿತ್ತು.

ಜೂನ್ ಮೊದಲ ವಾರದಲ್ಲಿ ಮಹಾರಾಷ್ಟ್ರ ಸರ್ಕಾರ ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಹೊರಗೆ ನಡೆಯಲು, ಓಡಲು, ಸೈಕಲ್ ಹೊಡೆಯಲು ಅನುಮತಿ ಕೊಟ್ಟಿತು. ನಾನು ಮಾಸ್ಕ್ ಹಾಕಿಕೊಂಡು ಹೊರಟೆ. ಮಗ ಸೈಕಲ್ ತೆಗೆದ. ಆದರೆ 65 ದಾಟಿದವರು ಅಗತ್ಯವಿಲ್ಲದೆ ಮನೆಯಿಂದ ಹೊರಬರಬಾರದು ಎಂದು ಕೇಂದ್ರದ ಸೂಚನೆ ಮೇ ತಿಂಗಳಿನಿಂದಲೇ ಇತ್ತು. ಅದು ಅವರ ಜೀವ ಉಳಿಸಲೆಂದೇ ಮಾಡಿದ್ದು. ನಮ್ಮ ಓಣಿಯಲ್ಲೇ ಮೂವರು ಹಿರಿಯರು ಆ ವರ್ಷ ತೀರಿಕೊಂಡರು, ಹಾಗಾಗಿ ಆ ಸೂಚನೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮನೆಯೊಳಗೇ ಇರುವ ಮುದುಕರು ಎದ್ದು ಓಡಾಡುತ್ತಿದ್ದಾರೆಯೇ ಎಂದು ಕೇಳಬೇಕಾದವಳು ನಾನು. ನಾನು ಕೇಳಲಿಲ್ಲ. ಊಟ ಆಯಿತೇ, ಮಾತ್ರೆ ತಗೊಂಡಿರೇ, ಇವೆರಡೇ ನನ್ನ ಪ್ರಶ್ನೆಗಳು. ದೀಪಾವಳಿಯ ಹೊತ್ತಿಗೆ ನಾನೊಮ್ಮೆ, ಕೆಳಗೆ ಬನ್ನಿ, ಕಾಂಪೌಂಡಿನಲ್ಲಾದರೂ ಕೂರುವಿರಂತೆ ಎಂದು ಕರೆದೆ. ‘ಎಂತಕ್ಕೆ ಇಳೂದ್ ಮಗಾ? ಹಾಲ್ ಮೇಲೇ ಬತ್ತ್’ ಎಂದರು. ನಗುತ್ತ ಹೇಳಿದರು. ನಾನೂ ಬಿಟ್ಟೆ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರು. ಎರಡನೇ ವಾರ ಅಪ್ಪಯ್ಯನಿಗೆ ಸರದಿ ಸಿಕ್ಕಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಿಗೆ ಬಂದರು. ಹನ್ನೊಂದೂವರೆ ತಿಂಗಳ ಮೇಲೆ ಮೊದಲ ಸಲ ಅವರು ಮೆಟ್ಟಿಲಿಗೆ ಕಾಲಿಟ್ಟದ್ದು. ಬಲಗಾಲು ಇಳಿಸಿದರು, ಎಡಗಾಲು ಅದರ ಪಕ್ಕ ತಂದು ಇಟ್ಟರು. ಮತ್ತೆ ಬಲಗಾಲು. ಮೊದಲು ಅವರು ಕಟಕಟ ಇಳಿಯುತ್ತಿದ್ದ ಸದ್ದಿಗೆ ಎರಡನೇ ಮಾಳಿಗೆಯ ನಾಯಿ ಬೊಗಳುತ್ತಿತ್ತು. ಈಗ ಎರಡೂ ಕೈಯಿಂದ ಒಂದೇ ಬದಿಯ ಕಂಬಿ ಹಿಡಿದು, ಮೈ ಓರೆ ಮಾಡಿ, ಸಣ್ಣ ಮಕ್ಕಳು ಇಳಿಯುವ ಹಾಗೆ. ಎಂಟನೇ ಮೆಟ್ಟಿಲಲ್ಲಿ ಅವರ ಪಂಚೆಯ ಅಂಚು ಅಲುಗುವುದು ಕಾಣಿಸಿತು. ಗಾಳಿ ಇರಲಿಲ್ಲ. ಮೊಣಕಾಲು ನಡುಗುತ್ತಿತ್ತು.

ಲಸಿಕೆ ಹಾಕಿಸಿ ಬಂದ ಮೇಲೆ ಹತ್ತುವುದು ಇನ್ನೂ ಕಷ್ಟ. ಮೊದಲ ಮಾಳಿಗೆಯಲ್ಲಿ ನಿಂತರು. ಎರಡನೇ ಮಾಳಿಗೆಯಲ್ಲಿ ಮೆಟ್ಟಿಲ ಮೇಲೇ ಕೂತುಬಿಟ್ಟರು, ಬಿಳಿ ಅಂಗಿಯ ಬೆನ್ನು ಗೋಡೆಗೆ ಒರಗಿಸಿ. ಪಂಚೆ ಮೇಲೆ ಸರಿದು ಮೀನಖಂಡ ಕಂಡಿತು. ನಲವತ್ತು ವರ್ಷ ಹೋಟೆಲಿನ ನೆಲದಲ್ಲಿ ನಿಂತು ಕಲ್ಲಿನಂತಾಗಿದ್ದ ಕಾಲು. ಚಿಕ್ಕವಳಿದ್ದಾಗ ರಾತ್ರಿ ಆ ಕಾಲಿಗೆ ನಾನು ಎಣ್ಣೆ ತಿಕ್ಕುವಾಗ ನನ್ನ ಹೆಬ್ಬೆರಳು ಒಳಗಿಳಿಯುತ್ತಿರಲಿಲ್ಲ. ಈಗ ಚರ್ಮ ಸಡಿಲ ಚೀಲದ ಹಾಗೆ ಮೂಳೆಯಿಂದ ಜೋತುಬಿದ್ದಿತ್ತು. ‘ಕಾಲ್ ಬತ್ತಿಲ್ಲೆ ಮಗಾ’ ಎಂದರು. ನಾನು ಅವರ ಪಕ್ಕ ಕೂತೆ. ಮೂರನೇ ಮಾಳಿಗೆ ಮುಟ್ಟಲು ಇಪ್ಪತ್ತೈದು ನಿಮಿಷ ಬೇಕಾಯಿತು.

ಎರಡನೇ ಅಲೆ ಇಳಿದ ಮೇಲೆ, ಆಗಸ್ಟಿನಲ್ಲಿ, ಫಿಸಿಯೋಥೆರಪಿಯ ಹುಡುಗಿಯೊಬ್ಬಳನ್ನು ಮನೆಗೆ ಕರೆಸಿದೆವು. ಅವಳು ಮಾಡಿದ ಮೊದಲ ಕೆಲಸ, ಅಪ್ಪಯ್ಯನನ್ನು ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ತೋಳುಗಳನ್ನು ಎದೆಗೆ ಕಟ್ಟಿಸಿ, ‘ಆಜೋಬಾ, ಹಾತ್ ನ ಲಾವ್ತಾ ಉಠಾ’ ಎಂದದ್ದು. ಅಜ್ಜಾ, ಕೈ ಊರದೆ ಏಳಿ. ಹಾಗೆ ಐದು ಸಲ ಎದ್ದು ಕೂರಬೇಕು. ಏಷ್ಯಾದ ತಜ್ಞರು ಇಟ್ಟುಕೊಂಡ ಗೆರೆ 12 ಸೆಕೆಂಡು. ಅದಕ್ಕಿಂತ ಹೆಚ್ಚು ಬೇಕಾದರೆ ಸ್ನಾಯು ಸೊರಗಿದೆಯೇ ಎಂದು ನೋಡಬೇಕು. ಅಪ್ಪಯ್ಯ ಮುಂದಕ್ಕೆ ಬಾಗಿದರು, ತುಟಿ ಬಿಗಿದರು, ಏಳಲಾಗಲಿಲ್ಲ. ಒಂದು ಸಲವೂ.

ಇಷ್ಟು ಬೇಗ ಹೇಗೆ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಓದುತ್ತ ಹೋದಾಗ ತಿಳಿಯಿತು, ಮೈ ಇದಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುವುದೇ ಇಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಪ್ರಾಯದ ಐವರು ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಅವರ ದಮ್ಮನ್ನು ಇಳಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ಇಳಿಸಿತ್ತು. ಹಿರಿಯರದ್ದು ಇನ್ನೂ ಕಠಿಣ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ಹತ್ತೇ ದಿನ ಹಾಸಿಗೆಯಲ್ಲಿದ್ದದ್ದಕ್ಕೆ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಅಪ್ಪಯ್ಯ ಹಾಸಿಗೆ ಹಿಡಿದಿರಲಿಲ್ಲ ನಿಜ. ಆದರೆ ಕುರ್ಚಿ, ಮಂಚ, ಬಚ್ಚಲು, ಗ್ಯಾಲರಿ, ಇಷ್ಟರೊಳಗೆ ಒಂದು ವರ್ಷ. ಊರಿದ ಕಾಲಿನ ಭಾರ, ಹತ್ತುವಾಗಿನ ಬಿಗಿತ, ಇದು ಸಿಗದಿದ್ದರೆ ಮೈ ಆ ಸ್ನಾಯುವನ್ನು ಸಾಕುವುದನ್ನು ನಿಲ್ಲಿಸುತ್ತದೆ. ತಿಂದ ಅನ್ನದ ಸಕ್ಕರೆಯ ದೊಡ್ಡದೊಂದು ಪಾಲು ಹೋಗಿ ಸೇರುವ ಜಾಗವೂ ಸ್ನಾಯುವೇ. ಆ ವರ್ಷವೇ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಶುರುವಾದದ್ದು ನನಗೆ ಆಶ್ಚರ್ಯ ಅನಿಸಲಿಲ್ಲ.

ಆಗಸ್ಟ್ 15ರಿಂದ ಎರಡು ಡೋಸ್ ಆದವರಿಗೆ ಲೋಕಲ್ ತೆರೆಯಿತು. ನನ್ನ ಆಫೀಸು ವಾರಕ್ಕೆ ಎರಡು ದಿನ ಬಂದರೆ ಸಾಕು ಎಂದಿತು. ಇವತ್ತಿಗೂ ಹಾಗೇ ಇದೆ. ತರಕಾರಿ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ರೋಗಕ್ಕೆ ಹೆದರಿ ಮಾಡಿಕೊಂಡ ಏರ್ಪಾಡುಗಳು ರೋಗ ಹೋದ ಮೇಲೂ ಉಳಿದವು, ಏಕೆಂದರೆ ಅವು ಸುಖವಾಗಿದ್ದವು. ಎಲ್ಲವನ್ನೂ ಲಾಕ್‌ಡೌನಿನ ತಲೆಗೆ ಕಟ್ಟುವುದೂ ಸರಿಯಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಬಂದ ಅಂದಾಜಿನ ಪ್ರಕಾರ, ಸಾಕಷ್ಟು ಮೈ ಆಡಿಸದ ವಯಸ್ಕರು ಭಾರತದಲ್ಲಿ 2000ದಲ್ಲಿ ಶೇ. 22ರಷ್ಟಿದ್ದವರು 2022ಕ್ಕೆ ಶೇ. 49ರಷ್ಟಾಗಿದ್ದರು. ಹೆಂಗಸರಲ್ಲಿ ಶೇ. 57. ಇಪ್ಪತ್ತು ವರ್ಷದಿಂದ ಇಳಿಯುತ್ತಲೇ ಬಂದ ದಾರಿ ಇದು. ಆದರೆ ನಮ್ಮ ಮನೆಯಲ್ಲಿ ಅದು ಇಳಿದ ತಾರೀಖು ನನಗೆ ಗೊತ್ತು, ಹಗ್ಗದ ಅಳತೆಯೂ ಗೊತ್ತು.

ಫಿಸಿಯೋ ಹುಡುಗಿ ಹೇಳಿಕೊಟ್ಟ ವ್ಯಾಯಾಮ ಅಪ್ಪಯ್ಯನಿಗೆ ಒಗ್ಗಲಿಲ್ಲ. ಅವಳೆದುರು ಮಾಡುವರು, ಅವಳು ಹೋದ ಮೇಲೆ ಇಲ್ಲ. ಹತ್ತು ಸಲ ಎದ್ದು ಕೂರುವುದರಲ್ಲಿ ಅವರಿಗೆ ಅರ್ಥ ಕಾಣುತ್ತಿರಲಿಲ್ಲ. ಜೀವಮಾನದಲ್ಲಿ ಅವರು ಕೆಲಸವಿಲ್ಲದೆ ಮೈ ಬಗ್ಗಿಸಿದವರಲ್ಲ. 2022ರ ಫೆಬ್ರವರಿಯಲ್ಲಿ, ಮೂರನೇ ಅಲೆಯೂ ಇಳಿದ ಮೇಲೆ, ಒಂದು ರಾತ್ರಿ ನಾನು ಹಗ್ಗ ಬಿಚ್ಚಿ ತೆಗೆದಿಟ್ಟೆ. ಹಾಲಿನ ಅಂಗಡಿಯವನಿಗೆ ನಾಳೆಯಿಂದ ಹುಡುಗನನ್ನು ಕಳಿಸಬೇಡಿ ಎಂದೆ. ಬೆಳಿಗ್ಗೆ ಅಪ್ಪಯ್ಯ ಗ್ಯಾಲರಿಗೆ ಹೋದರು, ಬರಿಯ ಗ್ರಿಲ್ ನೋಡಿದರು, ನನ್ನನ್ನು ನೋಡಿದರು. ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ಹಾಲಿಗೆ ನಾನೇ ಹೋದೆ. ಮಾರನೇ ದಿನವೂ. ಆರನೇ ದಿನ ಚಪ್ಪಲಿ ಮೆಟ್ಟಿ ನನ್ನ ಹಿಂದೆ ಎರಡನೇ ಮಾಳಿಗೆಯವರೆಗೆ ಬಂದು, ನಾನು ತಿರುಗಿ ಬರುವವರೆಗೆ ಅಲ್ಲಿ ನಿಂತಿದ್ದರು. ಎರಡನೇ ಮಾಳಿಗೆಯವರು ಒಂದು ಸ್ಟೂಲ್ ಹೊರಗಿಟ್ಟರು. ಕಾಂಪೌಂಡಿನ ಗೇಟಿಗೆ ಅವರು ಬಂದು ಮುಟ್ಟಿದ್ದು ಮೇ ಕೊನೆಗೆ.

ಗಣೇಶ ಮಂದಿರಕ್ಕೆ ಅವರು ಮತ್ತೆ ಕಾಲುನಡಿಗೆಯಲ್ಲಿ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ. ರಿಕ್ಷಾದಲ್ಲಿ ಸಂಕಷ್ಟಿಗೆ ಕರೆದೊಯ್ಯುತ್ತೇವೆ. ಹೋದ ಕಾಲು ಪೂರ್ತಿ ಬರಲಿಲ್ಲ. ಈಗ ಅವರಿಗೆ 78.

ಆದರೆ ಆ ಮಳೆಗಾಲದ ಒಂದು ಬೆಳಿಗ್ಗೆ, ನನ್ನ ತೋಳು ಹಿಡಿದುಕೊಂಡೇ ರಸ್ತೆ ದಾಟಿ, ಅವರು ಹಾಲಿನ ಅಂಗಡಿಯ ಮುಂದೆ ನಿಂತರು. ಎರಡು ವರ್ಷದ ಮೇಲೆ. ಅಂಗಡಿಯವನು ಖುಷಿಯಿಂದ ಎರಡು ಪ್ಯಾಕೆಟ್ ಎತ್ತಿ ಕೈಗೆ ಕೊಟ್ಟ. ಅಪ್ಪಯ್ಯ ನನ್ನ ತೋಳು ಬಿಟ್ಟರು. ಒಂದೊಂದಾಗಿ ಬಲ್ಬಿನ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹೆಬ್ಬೆರಳಿನಿಂದ ನೀರು ಒರೆಸಿ ತಾರೀಖು ಓದಿದರು. ಒಂದನ್ನು ಚೀಲಕ್ಕೆ ಹಾಕಿ, ಇನ್ನೊಂದನ್ನು ಅವನ ಕೈಗೆ ವಾಪಸ್ ಕೊಟ್ಟು, ‘ಇದು ನಿನ್ನೆಯದು, ಇವತ್ತಿನದು ಕೊಡು’ ಎಂದು ಮರಾಠಿಯಲ್ಲಿ ಹೇಳಿದರು.